ಬಳಕೆದಾರರ ಖಾತೆಗಳ ತಿದ್ದುಪಡಿ: ಯುನಿಕ್ಸ್ ಮಾದರಿಯ ಗಣಕಯಂತ್ರಗಳಲ್ಲಿ ಆದೇಶಗಳ ಬಳಕೆ

ಕಚೇರಿಯೊಂದರಲ್ಲಿ ನೌಕರರು ಒಂದು ಶಾಖೆಯಿಂದ ಇನ್ನೊಂದು ಶಾಖೆಗೆ ವರ್ಗವಾದಾಗ ಅಧಿಕಾರ ಹಸ್ತಾಂತರದ ಪಟ್ಟಿಯೊಂದು ಸಿದ್ಧವಾಗುತ್ತದೆ. ಬೀರುವಿನ ಕೀಲಿಕೈ, ಮೊಹರು, ವಹಿಗಳು, ಬಾಕಿ ಕಡತಗಳು ಎಲ್ಲವೂ ಅದರಲ್ಲಿ ನಮೂದಾಗುತ್ತವೆ. ಆದರೆ ಕಚೇರಿಯ ಗಣಕಯಂತ್ರದಲ್ಲಿ ಆ ನೌಕರರ ಹೆಸರಿನಲ್ಲಿರುವ ಖಾತೆಯು ಈ ಪಟ್ಟಿಯಲ್ಲಿ ಸೇರುವುದು ಅಪರೂಪ. ನೌಕರರು ಹೊಸ ಊರಿಗೆ ಹೋಗಿ ಸೇರಿದ ಮೇಲೂ ಹಳೆಯ ಶಾಖೆಯ ಲೆಕ್ಕಪತ್ರಗಳನ್ನು ತೆರೆಯುವ ಅಧಿಕಾರ ಆ ಖಾತೆಯಲ್ಲಿ ಹಾಗೆಯೇ ಉಳಿದಿರುತ್ತದೆ. ಬೀರುವಿನ ಕೀಲಿಕೈ ಕಾಣೆಯಾದರೆ ಒಂದೆರಡು ದಿನಗಳಲ್ಲಿ ಗೊತ್ತಾಗುತ್ತದೆ. ಇದು ಮಾತ್ರ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದಿರಬಹುದು.

ಇಂತಹ ಖಾತೆಗಳನ್ನು ಕಾಲಕಾಲಕ್ಕೆ ತಿದ್ದುವ ಕ್ರಮವನ್ನು, ಮುಖ್ಯವಾಗಿ ಲಿನಕ್ಸ್ ವ್ಯವಸ್ಥೆಯನ್ನು ಗಮನದಲ್ಲಿರಿಸಿಕೊಂಡು, ಈ ಪಾಠದಲ್ಲಿ ವಿವರಿಸಲಾಗಿದೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಅವರು 1969ರಲ್ಲಿ ಆರಂಭಿಸಿದ ಯುನಿಕ್ಸ್ ಕಾರ್ಯಾಚರಣೆ ವ್ಯವಸ್ಥೆಯ ಪದ್ಧತಿಯನ್ನೇ ಅನುಸರಿಸಿ, ಫಿನ್ಲೆಂಡ್‌ನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಅವರು 1991ರಲ್ಲಿ ಲಿನಕ್ಸ್‌ಗೆ ನಾಂದಿ ಹಾಡಿದರು. ಪುಣೆಯಲ್ಲಿ ಪ್ರಧಾನ ಕಚೇರಿಯನ್ನು ಹೊಂದಿರುವ ಸಿ-ಡ್ಯಾಕ್ ಸಂಸ್ಥೆಯು ತನ್ನ ಚೆನ್ನೈ ಕೇಂದ್ರದಲ್ಲಿ ರೂಪಿಸಿ 2007ರಲ್ಲಿ ಹೊರತಂದ 'ಬಾಸ್' ಎಂಬ ಭಾರತೀಯ ಕಾರ್ಯಾಚರಣೆ ವ್ಯವಸ್ಥೆಯೂ ಲಿನಕ್ಸ್‌ನ ಡೆಬಿಯನ್ ಶಾಖೆಗೆ ಸೇರಿದುದಾಗಿದೆ. ಸರ್ಕಾರಿ ಕಚೇರಿಗಳಲ್ಲಿ ಮುಕ್ತ ತಂತ್ರಾಂಶಗಳಿಗೆ ಆದ್ಯತೆ ನೀಡುವ ನೀತಿಯನ್ನು ಭಾರತ ಸರ್ಕಾರವು 2015ರಲ್ಲಿ ಪ್ರಕಟಿಸಿತು. ಆದಕಾರಣ ಇಲ್ಲಿ ಹೇಳಿರುವ ವಿಷಯವು ತಂತ್ರಜ್ಞರಿಗಷ್ಟೇ ಅಲ್ಲದೆ, ಸಣ್ಣ ಕಚೇರಿ, ಶಾಲೆ ಅಥವಾ ಗ್ರಂಥಾಲಯದ ಗಣಕಯಂತ್ರವನ್ನು ನೋಡಿಕೊಳ್ಳುವವರಿಗೂ ಉಪಯುಕ್ತವಾಗಿದೆ.

ಖಾತೆ ಎಂದರೇನು?

ಯುನಿಕ್ಸ್ ಮಾದರಿಯ ಗಣಕಯಂತ್ರಕ್ಕೆ ಮನುಷ್ಯರ ಹೆಸರುಗಳು ತಿಳಿಯವು. ಅದು ಬಲ್ಲದ್ದು ಸಂಖ್ಯೆಗಳನ್ನು ಮಾತ್ರ. ಪ್ರತಿಯೊಬ್ಬ ಬಳಕೆದಾರರಿಗೂ ಒಂದು ಸಂಖ್ಯೆ ಇರುತ್ತದೆ. ಸರ್ವಾಧಿಕಾರವುಳ್ಳ 'ರೂಟ್' ಖಾತೆಯ ಸಂಖ್ಯೆ ಸೊನ್ನೆ. ಇಂದಿನ ಹೆಚ್ಚಿನ ಲಿನಕ್ಸ್‌ಗಳಲ್ಲಿ ಸಾಮಾನ್ಯ ಬಳಕೆದಾರರ ಸಂಖ್ಯೆಗಳು 1000ದಿಂದ ಮೊದಲಾಗುತ್ತವೆ. ಒಂದು ಕಡತ ಯಾರಿಗೆ ಸೇರಿದ್ದು ಎಂಬುದನ್ನು ಗಣಕವು ಈ ಸಂಖ್ಯೆಯ ರೂಪದಲ್ಲಿಯೇ ಬರೆದಿಡುತ್ತದೆ. ನಾವು ನೋಡುವ ಹೆಸರು ಆ ಸಂಖ್ಯೆಗೆ ಅಂಟಿಸಿದ ಚೀಟಿಯಷ್ಟೇ. ಈ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದೆ ಹೇಳುವ ತೊಡಕುಗಳಲ್ಲಿ ಹಲವು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಹೆಸರು ಮತ್ತು ಸಂಖ್ಯೆಗಳ ನಂಟನ್ನು ದಾಖಲಿಸುವ ಕಡತವು 'ಇಟಿಸಿ' ಎಂಬ ಡೈರೆಕ್ಟರಿಯಲ್ಲಿದೆ. ಅದರ ಹೆಸರು ಪಾಸ್‌ವರ್ಡ್ ಎಂದೇ ಆದರೂ, ಟೈಪು ಮಾಡುವಾಗ ಇಂಗ್ಲಿಷ್ ಪದದ ಓ ಮತ್ತು ಆರ್ ಅಕ್ಷರಗಳನ್ನು ಬಿಟ್ಟು ಬರೆಯಬೇಕು. ಅಕ್ಷರಗಳನ್ನು ಉಳಿಸುವುದು ಆ ಕಾಲದ ಯುನಿಕ್ಸ್ ನಿರ್ಮಾಪಕರ ಅಭ್ಯಾಸವಾಗಿತ್ತು. ಈ ಕಡತದಲ್ಲಿ ಒಂದು ಖಾತೆಗೆ ಒಂದು ಸಾಲು. ಸಾಲಿನಲ್ಲಿ ಏಳು ಅಂಕಣಗಳಿದ್ದು ಅವುಗಳನ್ನು ವಿವರಣಾ ಚಿಹ್ನೆಯಿಂದ ಬೇರ್ಪಡಿಸಲಾಗಿರುತ್ತದೆ. ಉದಾಹರಣೆಗೆ ಲೆಕ್ಕಪತ್ರ ಶಾಖೆಯ ನೌಕರರೊಬ್ಬರಿಗೆ 'ಕಾವೇರಿ' ಎಂಬ ಖಾತೆ ಇದೆಯೆಂದು ಭಾವಿಸೋಣ. ಅದರ ಸಾಲನ್ನು ಕನ್ನಡ ಅಕ್ಷರಗಳಲ್ಲಿ ಬರೆದರೆ ಹೀಗಿರುತ್ತದೆ:

ಕಾವೇರಿ:ಎಕ್ಸ್:1004:1004:ಲೆಕ್ಕಪತ್ರ ಶಾಖೆ:/ಹೋಮ್/ಕಾವೇರಿ:/ಬಿನ್/ಬ್ಯಾಶ್

ಮೊದಲನೆಯದು ಹೆಸರು, ಎರಡನೆಯದು ಗುಪ್ತಪದದ ಸ್ಥಾನ, ಬಳಿಕ ಬಳಕೆದಾರ ಸಂಖ್ಯೆ, ಮುಖ್ಯ ಗುಂಪಿನ ಸಂಖ್ಯೆ, ವಿವರ, ಬಳಕೆದಾರರ ಸ್ವಂತ ಕಡತಗಳಿರುವ ಹೋಮ್ ಡೈರೆಕ್ಟರಿ, ಮತ್ತು ಕೊನೆಯಲ್ಲಿ ಆದೇಶಗಳನ್ನು ಸ್ವೀಕರಿಸುವ ಶೆಲ್. ಐದನೆಯ ಅಂಕಣಕ್ಕೆ ಇಂದಿಗೂ 'ಜೀಕಾಸ್' ಎಂಬ ವಿಚಿತ್ರ ಹೆಸರಿದೆ. ಬೆಲ್ ಪ್ರಯೋಗಾಲಯದವರು ಮುದ್ರಣ ಕೆಲಸಗಳನ್ನು ಜನರಲ್ ಎಲೆಕ್ಟ್ರಿಕ್ ಕಂಪನಿಯ ಗಣಕಗಳಿಗೆ ಕಳುಹಿಸುತ್ತಿದ್ದಾಗ ಅಲ್ಲಿಗೆ ಬೇಕಾದ ಗುರುತನ್ನು ಈ ಅಂಕಣದಲ್ಲಿ ಇಡುತ್ತಿದ್ದರು. ಆ ಗಣಕಗಳು ಎಂದೋ ಮೂಲೆ ಸೇರಿದವು, ಅಂಕಣದ ಹೆಸರು ಉಳಿದುಬಂದಿದೆ.

ಎರಡನೆಯ ಅಂಕಣದಲ್ಲಿ ಎಕ್ಸ್ ಎಂಬ ಒಂದೇ ಅಕ್ಷರ ಇರುವುದಕ್ಕೂ ಒಂದು ಇತಿಹಾಸವಿದೆ. ಮೊದಲಿಗೆ ಗೂಢಲಿಪಿಗೆ ಪರಿವರ್ತಿಸಿದ ಗುಪ್ತಪದವನ್ನು ಇಲ್ಲಿಯೇ ಬರೆಯಲಾಗುತ್ತಿತ್ತು, ಮತ್ತು ಈ ಕಡತವನ್ನು ಯಾರು ಬೇಕಾದರೂ ಓದಬಹುದಾಗಿತ್ತು. ಗುಪ್ತಪದವನ್ನು ಊಹಿಸುವ ಪ್ರಯತ್ನಗಳನ್ನು ಹೇಗೆ ಕಠಿಣಗೊಳಿಸಬಹುದು ಎಂಬ ಕುರಿತು ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಅವರು 1979ರಲ್ಲಿ ಪ್ರಸಿದ್ಧ ಲೇಖನವೊಂದನ್ನು ಪ್ರಕಟಿಸಿದರು. ಒಂಬತ್ತು ವರ್ಷಗಳ ಬಳಿಕ, 1988ರ ನವೆಂಬರ್‌ನಲ್ಲಿ, ಅಂತರಜಾಲದಲ್ಲಿ ಹಬ್ಬಿ ಸಾವಿರಾರು ಗಣಕಗಳನ್ನು ಸ್ತಬ್ಧಗೊಳಿಸಿದ 'ವರ್ಮ್' ಇದೇ ಬಹಿರಂಗ ಕಡತವನ್ನು ಓದಿ ಗುಪ್ತಪದಗಳನ್ನು ಊಹಿಸುತ್ತಿತ್ತು. ಅದನ್ನು ಬರೆದವನು ಅದೇ ರಾಬರ್ಟ್ ಮಾರಿಸ್ ಅವರ ಮಗನೆಂಬುದು ಸೋಜಿಗದ ಸಂಗತಿ. ಇಂದಿನ ಲಿನಕ್ಸ್‌ನಲ್ಲಿ ಗೂಢಲಿಪಿಯ ಗುಪ್ತಪದವು 'ಶ್ಯಾಡೋ' ಎಂಬ ಬೇರೊಂದು ಕಡತದಲ್ಲಿದ್ದು, ಸಾಮಾನ್ಯ ಬಳಕೆದಾರರು ಅದನ್ನು ಓದಲಾರರು. ಗುಂಪುಗಳ ವಿವರಕ್ಕೆ 'ಗ್ರೂಪ್' ಎಂಬ ಮೂರನೆಯ ಕಡತವಿದೆ. ಖಾತೆಯನ್ನು ತಿದ್ದುವುದೆಂದರೆ ಈ ಮೂರು ಕಡತಗಳ ಸಾಲುಗಳನ್ನು ತಿದ್ದುವುದೇ ಆಗಿದೆ.

ಇವು ಸಾಮಾನ್ಯ ಪಠ್ಯ ಕಡತಗಳಾದುದರಿಂದ ಕೈಯಿಂದಲೇ ತಿದ್ದಿಬಿಡಬಹುದಲ್ಲವೇ ಎಂಬ ಪ್ರಶ್ನೆ ಸಹಜ. ತಿದ್ದಬಹುದು. ಆದರೆ ಇಬ್ಬರು ಏಕಕಾಲದಲ್ಲಿ ತಿದ್ದಿದರೆ ಒಬ್ಬರ ತಿದ್ದುಪಡಿ ಅಳಿಸಿಹೋಗುತ್ತದೆ. ಒಂದು ವಿವರಣಾ ಚಿಹ್ನೆ ತಪ್ಪಿದರೆ ಆ ಖಾತೆಗೆ ಪ್ರವೇಶವೇ ಇಲ್ಲವಾಗಬಹುದು. ಕೈಯಿಂದಲೇ ತಿದ್ದಬೇಕಾದ ಸಂದರ್ಭಗಳಿಗಾಗಿ, ಕಡತಕ್ಕೆ ಬೀಗ ಹಾಕಿಕೊಂಡು ತೆರೆಯುವ 'ವಿಐಪಿಡಬ್ಲ್ಯೂ' ಎಂಬ ಆದೇಶವಿದೆ. ಉಳಿದಂತೆ 'ಯೂಸರ್‌ಮಾಡ್' ಎಂಬ ಆದೇಶವನ್ನು ಬಳಸುವುದೇ ಕ್ಷೇಮ. ಇದನ್ನು ರೂಟ್ ಅಧಿಕಾರದಿಂದ, ಸಾಮಾನ್ಯವಾಗಿ 'ಸುಡೂ' ಎಂಬ ಆದೇಶವನ್ನು ಮುಂದೆ ಸೇರಿಸಿ, ನೀಡಬೇಕು. ಆದೇಶದ ಹೆಸರಿನ ನಂತರ ಅಡ್ಡಗೆರೆ ಮತ್ತು ಒಂದು ಅಕ್ಷರ, ಆಮೇಲೆ ಹೊಸ ಮೌಲ್ಯ, ಕೊನೆಗೆ ಖಾತೆಯ ಹೆಸರು ಎಂಬುದು ಇದರ ಸಾಮಾನ್ಯ ರಚನೆ. ಸಣ್ಣ ಅಕ್ಷರಕ್ಕೂ ದೊಡ್ಡ ಅಕ್ಷರಕ್ಕೂ ಇಲ್ಲಿ ಬೇರೆಬೇರೆ ಅರ್ಥಗಳಿವೆ: ಸಣ್ಣ ಎಲ್ ಖಾತೆಯ ಹೆಸರನ್ನು ಬದಲಿಸುತ್ತದೆ, ದೊಡ್ಡ ಎಲ್ ಗುಪ್ತಪದಕ್ಕೆ ಬೀಗ ಹಾಕುತ್ತದೆ.

ಸಾಮಾನ್ಯ ತಿದ್ದುಪಡಿಗಳು

ಕೆಲವು ತಿದ್ದುಪಡಿಗಳಿಗೆ ನಿರ್ವಾಹಕರ ನೆರವು ಬೇಕಾಗುವುದಿಲ್ಲ. ಬಳಕೆದಾರರು ತಮ್ಮ ಗುಪ್ತಪದವನ್ನು 'ಪಾಸ್‌ವರ್ಡ್' ಆದೇಶದಿಂದ ಮತ್ತು ಶೆಲ್ ಅನ್ನು 'ಸಿಎಚ್‌ಎಸ್‌ಎಚ್' ಆದೇಶದಿಂದ ತಾವೇ ಬದಲಿಸಿಕೊಳ್ಳಬಹುದು. ನಿರ್ವಾಹಕರಾದರೋ ಯೂಸರ್‌ಮಾಡ್‌ಗೆ ಸಣ್ಣ ಸಿ ಸೇರಿಸಿ ವಿವರವನ್ನೂ, ಸಣ್ಣ ಎಸ್ ಸೇರಿಸಿ ಶೆಲ್ ಅನ್ನೂ ಬದಲಿಸುತ್ತಾರೆ. ಈ ಆದೇಶದಲ್ಲಿ ಸಣ್ಣ ಪಿ ಎಂಬ ಆಯ್ಕೆಯೂ ಇದೆ. ಅದನ್ನು ಬಳಸದಿರುವುದು ಲೇಸು. ಅದು ಗೂಢಲಿಪಿಗೆ ಈಗಾಗಲೇ ಪರಿವರ್ತಿತವಾದ ಗುಪ್ತಪದವನ್ನಷ್ಟೇ ನಿರೀಕ್ಷಿಸುತ್ತದೆ. ತಿಳಿಯದೆ ನೇರವಾಗಿ ಗುಪ್ತಪದವನ್ನು ಬರೆದರೆ ಖಾತೆಯೊಳಗೆ ಪ್ರವೇಶ ಸಾಧ್ಯವಾಗದು. ಅಲ್ಲದೆ ಆದೇಶ ನಡೆಯುತ್ತಿರುವಾಗ ಅದೇ ಗಣಕದ ಇತರರು ಆ ಅಕ್ಷರಗಳನ್ನು ನೋಡಲೂಬಹುದು.

ಖಾತೆಯ ಹೆಸರನ್ನು ಬದಲಿಸುವಾಗ ಹೊಸ ಹೆಸರು ಮೊದಲು, ಹಳೆಯ ಹೆಸರು ಕೊನೆಗೆ ಬರಬೇಕು. ಹೆಸರು ಬದಲಾದರೂ ಹೋಮ್ ಡೈರೆಕ್ಟರಿ ಹಳೆಯ ಹೆಸರಿನಲ್ಲಿಯೇ ಉಳಿಯುತ್ತದೆ. ಅದನ್ನು ಸ್ಥಳಾಂತರಿಸಲು ಸಣ್ಣ ಡಿ ಜೊತೆಗೆ ಹೊಸ ಸ್ಥಳವನ್ನೂ, ಸಣ್ಣ ಎಂ ಆಯ್ಕೆಯನ್ನೂ ಸೇರಿಸಬೇಕು. ಎಂ ಇಲ್ಲದೆ ಡಿ ಮಾತ್ರ ಬರೆದರೆ ದಾಖಲೆಯಲ್ಲಿ ವಿಳಾಸ ಬದಲಾಗುತ್ತದೆ, ಸಾಮಾನು ಹಳೆಯ ಮನೆಯಲ್ಲಿಯೇ ಇರುತ್ತದೆ. ಆ ಬಳಕೆದಾರರ ಕ್ರಮವಿಧಿಗಳು ಚಾಲನೆಯಲ್ಲಿರುವಾಗ ಹೆಸರು, ಸಂಖ್ಯೆ ಅಥವಾ ಹೋಮ್ ಡೈರೆಕ್ಟರಿಯನ್ನು ಬದಲಿಸಲು ಲಿನಕ್ಸ್ ಒಪ್ಪುವುದಿಲ್ಲ. ಅವರು ಹೊರಹೋದ ಬಳಿಕವೇ ಈ ಕೆಲಸವನ್ನು ಮಾಡತಕ್ಕದ್ದು.

ಗುಂಪುಗಳು: ಒಂದು ಅಕ್ಷರದ ಅಂತರ

ಅತಿ ಹೆಚ್ಚು ಬಾರಿ ಬೇಕಾಗುವ ಮತ್ತು ಅತಿ ಹೆಚ್ಚು ಹಾನಿಯನ್ನುಂಟುಮಾಡಿರುವ ತಿದ್ದುಪಡಿಯೆಂದರೆ ಗುಂಪುಗಳದ್ದು. ಯುನಿಕ್ಸ್‌ನಲ್ಲಿ ಅಧಿಕಾರಗಳನ್ನು ಬಹುಮಟ್ಟಿಗೆ ಗುಂಪುಗಳ ಮೂಲಕ ಹಂಚಲಾಗುತ್ತದೆ. ಒಂದು ಶಾಖೆಯ ಕಡತಗಳನ್ನು ಓದುವುದಕ್ಕೆ ಒಂದು ಗುಂಪು, ಮುದ್ರಣಯಂತ್ರಗಳನ್ನು ನಿರ್ವಹಿಸುವುದಕ್ಕೆ ಇನ್ನೊಂದು, ರೂಟ್ ಅಧಿಕಾರವನ್ನು ಪಡೆಯುವುದಕ್ಕೆ ಮತ್ತೊಂದು. ಈ ಕೊನೆಯ ಗುಂಪಿಗೆ ಡೆಬಿಯನ್ ಮತ್ತು ಉಬುಂಟು ಶಾಖೆಗಳಲ್ಲಿ 'ಸುಡೂ' ಎಂದೂ ರೆಡ್ ಹ್ಯಾಟ್ ಶಾಖೆಯಲ್ಲಿ 'ವ್ಹೀಲ್' ಎಂದೂ ಹೆಸರು.

ಕಾವೇರಿ ಖಾತೆಯು ಲೆಕ್ಕಪತ್ರ, ದಾಸ್ತಾನು ಮತ್ತು ಸುಡೂ ಎಂಬ ಮೂರು ಗುಂಪುಗಳಲ್ಲಿದೆ ಎಂದುಕೊಳ್ಳೋಣ. ಅದನ್ನು ಮುದ್ರಣ ಎಂಬ ನಾಲ್ಕನೆಯ ಗುಂಪಿಗೂ ಸೇರಿಸಬೇಕಾಗಿದೆ. ಯೂಸರ್‌ಮಾಡ್ ಆದೇಶಕ್ಕೆ ದೊಡ್ಡ ಜಿ, ಮುದ್ರಣ, ಕಾವೇರಿ ಎಂದಷ್ಟೇ ಬರೆದರೆ ಗಣಕವು ಒಂದು ಮಾತನ್ನೂ ಆಡದೆ ಆದೇಶವನ್ನು ಪಾಲಿಸುತ್ತದೆ. ಕಾವೇರಿ ಮುದ್ರಣ ಗುಂಪಿಗೆ ಸೇರುತ್ತದೆ. ಜೊತೆಗೆ ಉಳಿದ ಮೂರು ಗುಂಪುಗಳಿಂದ ಹೊರಬೀಳುತ್ತದೆ! ದೊಡ್ಡ ಜಿ ಎಂಬುದರ ಅರ್ಥ 'ಈ ಗುಂಪಿಗೆ ಸೇರಿಸು' ಎಂದಲ್ಲ. 'ಇನ್ನು ಮುಂದೆ ಹೆಚ್ಚುವರಿ ಗುಂಪುಗಳು ಇಷ್ಟು ಮಾತ್ರ' ಎಂದು. ಇದ್ದುದನ್ನು ಉಳಿಸಿಕೊಂಡು ಸೇರಿಸಬೇಕಾದರೆ ಸಣ್ಣ ಎ ಎಂಬ ಆಯ್ಕೆಯನ್ನು ಜಿಯ ಮೊದಲು ಸೇರಿಸುವುದು ಅಗತ್ಯ. ಸಣ್ಣ ಜಿಯಂತೂ ಬೇರೆಯೇ ಕೆಲಸವನ್ನು ಮಾಡುತ್ತದೆ, ಅದು ಮುಖ್ಯ ಗುಂಪನ್ನೇ ಬದಲಿಸುತ್ತದೆ.

ಈ ತಪ್ಪು ಕೂಡಲೇ ಗೋಚರಿಸದಿರುವುದು ಹೆಚ್ಚಿನ ಅಪಾಯ. ಬಳಕೆದಾರರು ಗಣಕವನ್ನು ಪ್ರವೇಶಿಸುವ ಕ್ಷಣದಲ್ಲಿ ಅವರ ಗುಂಪುಗಳ ಪಟ್ಟಿಯನ್ನು ಓದಿಕೊಳ್ಳಲಾಗುತ್ತದೆ. ಅವರು ಹೊರಹೋಗಿ ಮತ್ತೆ ಬರುವವರೆಗೆ ಹಳೆಯ ಪಟ್ಟಿಯೇ ಚಾಲ್ತಿಯಲ್ಲಿರುತ್ತದೆ. ಹೀಗಾಗಿ ಬೆಳಿಗ್ಗೆ ಮಾಡಿದ ತಪ್ಪು ಸಂಜೆಯವರೆಗೂ ತಿಳಿಯದು. ಮರುದಿನ ಕಚೇರಿ ತೆರೆದಾಗ ಲೆಕ್ಕಪತ್ರದ ಕಡತಗಳು ತೆರೆಯುವುದಿಲ್ಲ, ದಾಸ್ತಾನಿನ ವಿವರ ಸಿಗುವುದಿಲ್ಲ. ಅದೇ ಗಣಕದಲ್ಲಿ ಸುಡೂ ಅಧಿಕಾರವಿದ್ದ ಏಕೈಕ ಖಾತೆ ಕಾವೇರಿಯದೇ ಆಗಿದ್ದರೆ, ತಪ್ಪನ್ನು ಸರಿಪಡಿಸುವ ಅಧಿಕಾರವೂ ಯಾರಲ್ಲಿಯೂ ಉಳಿದಿರುವುದಿಲ್ಲ. ಉಬುಂಟುವಿನಲ್ಲಿ ರೂಟ್ ಖಾತೆಯ ಗುಪ್ತಪದಕ್ಕೆ ಮೊದಲಿನಿಂದಲೇ ಬೀಗ ಹಾಕಿರುವುದರಿಂದ ಆ ದಾರಿಯೂ ಮುಚ್ಚಿರುತ್ತದೆ. ಆಗ ಗಣಕದ ಎದುರು ಕುಳಿತು, ಅದನ್ನು ನಿಲ್ಲಿಸಿ, ದುರಸ್ತಿ ಸ್ಥಿತಿಯಲ್ಲಿ ಮತ್ತೆ ಆರಂಭಿಸಿ, ಖಾತೆಯನ್ನು ಗುಂಪಿಗೆ ಪುನಃ ಸೇರಿಸಬೇಕಾಗುತ್ತದೆ. ನಿರ್ವಾಹಕರು ಚೆನ್ನೈಯಲ್ಲಿದ್ದು ಗಣಕಯಂತ್ರ ದೆಹಲಿಯಲ್ಲಿದ್ದರೆ ಇದೆಷ್ಟು ತ್ರಾಸದ ಕೆಲಸವೆಂಬುದನ್ನು ಊಹಿಸಬಹುದು.

ಆದುದರಿಂದ ಅನುಭವಿಗಳು ಅನುಸರಿಸುವ ರೂಢಿಯೊಂದಿದೆ. ತಿದ್ದುವ ಮೊದಲು 'ಐಡಿ' ಎಂಬ ಆದೇಶಕ್ಕೆ ಖಾತೆಯ ಹೆಸರನ್ನು ಸೇರಿಸಿ, ಈಗಿರುವ ಗುಂಪುಗಳನ್ನು ಬರೆದಿಟ್ಟುಕೊಳ್ಳುತ್ತಾರೆ. ತಿದ್ದಿದ ನಂತರ ಅದೇ ಆದೇಶವನ್ನು ಮತ್ತೊಮ್ಮೆ ನೀಡಿ ಹೋಲಿಸುತ್ತಾರೆ. ತೆರೆದಿರುವ ಕಿಟಕಿಯನ್ನು ಮುಚ್ಚುವ ಮೊದಲು ಇನ್ನೊಂದು ಕಿಟಕಿಯಿಂದ ಹೊಸದಾಗಿ ಪ್ರವೇಶಿಸಿ ಎಲ್ಲವೂ ಸರಿಯಿದೆಯೇ ಎಂದು ನೋಡುತ್ತಾರೆ. ಗಣಕವು ಗ್ರೂಪ್ ಕಡತದ ಹಿಂದಿನ ಪ್ರತಿಯೊಂದನ್ನು, ಹೆಸರಿನ ಕೊನೆಗೆ ಅಡ್ಡಗೆರೆ ಸೇರಿಸಿ, ಪಕ್ಕದಲ್ಲಿಯೇ ಇಟ್ಟಿರುತ್ತದೆ ಎಂಬುದೂ ತಿಳಿದಿರಬೇಕಾದ ವಿಷಯ. ಆದರೆ ಅದು ಕೊನೆಯ ಬದಲಾವಣೆಗೆ ಮುಂಚಿನ ಪ್ರತಿ ಮಾತ್ರ. ಎರಡನೆಯ ತಿದ್ದುಪಡಿ ಆಗುತ್ತಿದ್ದಂತೆ ಮೊದಲ ತಪ್ಪಿಗೆ ಹಿಂದಿನ ಪ್ರತಿ ಅಳಿದುಹೋಗುತ್ತದೆ.

ಸಂಖ್ಯೆಯ ಬದಲಾವಣೆ

ಸಣ್ಣ ಯು ಆಯ್ಕೆಯಿಂದ ಬಳಕೆದಾರ ಸಂಖ್ಯೆಯನ್ನು ಬದಲಿಸಬಹುದು. ಹಲವು ಗಣಕಗಳು ಒಂದು ಕೇಂದ್ರ ಗಣಕದ ಕಡತಗಳನ್ನು ಹಂಚಿಕೊಳ್ಳುವ ಕಡೆ ಇದರ ಅಗತ್ಯ ಬೀಳುತ್ತದೆ. ಎನ್‌ಎಫ್‌ಎಸ್ ಎಂಬ ಹಂಚಿಕೆಯ ಹಳೆಯ ಪದ್ಧತಿಯಲ್ಲಿ ಕೇಂದ್ರ ಗಣಕವು ಹೆಸರನ್ನು ಕೇಳುವುದಿಲ್ಲ, ಸಂಖ್ಯೆಯನ್ನು ನಂಬುತ್ತದೆ. ಒಂದು ಗಣಕದಲ್ಲಿ 1004 ಎಂದರೆ ಕಾವೇರಿ, ಇನ್ನೊಂದರಲ್ಲಿ ಅದೇ 1004 ಎಂದರೆ ತುಂಗಾ ಎಂದಾದರೆ, ಕಾವೇರಿಯ ಕಡತಗಳನ್ನು ತುಂಗಾ ಖಾತೆಯವರು ನಿರಾತಂಕವಾಗಿ ತೆರೆಯಬಲ್ಲರು.

ಸಂಖ್ಯೆಯನ್ನು 1004ರಿಂದ 1050ಕ್ಕೆ ಬದಲಿಸಿದಾಗ ಹೋಮ್ ಡೈರೆಕ್ಟರಿಯೊಳಗಿನ ಕಡತಗಳ ಒಡೆತನವನ್ನು ಯೂಸರ್‌ಮಾಡ್ ತಾನೇ ಬದಲಿಸುತ್ತದೆ. ಅದರ ಹೊರಗಿರುವ, ಉದಾಹರಣೆಗೆ ಶಾಖೆಯ ಸಾಮಾನ್ಯ ಡೈರೆಕ್ಟರಿಯಲ್ಲಿರುವ ಕಡತಗಳು ಹಳೆಯ 1004ರ ಹೆಸರಿನಲ್ಲಿಯೇ ಉಳಿಯುತ್ತವೆ. ಅವುಗಳನ್ನು 'ಫೈಂಡ್' ಆದೇಶಕ್ಕೆ ಹಳೆಯ ಸಂಖ್ಯೆಯನ್ನು ಕೊಟ್ಟು ಹುಡುಕಿ, 'ಸಿಎಚ್‌ಓನ್' ಆದೇಶದಿಂದ ಹೊಸ ಒಡೆಯರಿಗೆ ವಹಿಸಬೇಕು.

ಇದೇ ಕಾರಣದಿಂದ, ನಿವೃತ್ತರಾದವರ ಖಾತೆಯನ್ನು ಅವಸರದಲ್ಲಿ ಅಳಿಸುವುದೂ ಒಳ್ಳೆಯದಲ್ಲ. ಹೊಸ ಖಾತೆಯನ್ನು ತೆರೆಯುವಾಗ ಗಣಕವು ಸಾಮಾನ್ಯವಾಗಿ ಇರುವ ಸಂಖ್ಯೆಗಳಲ್ಲಿ ಅತಿ ದೊಡ್ಡದರ ಮುಂದಿನ ಸಂಖ್ಯೆಯನ್ನು ನೀಡುತ್ತದೆ. ಅಳಿಸಿದ ಖಾತೆಯೇ ಕೊನೆಯದಾಗಿದ್ದರೆ, ಅದರ ಸಂಖ್ಯೆ ಹೊಸಬರಿಗೆ ಸಿಗುತ್ತದೆ. ಸಂಖ್ಯೆಯ ಜೊತೆಗೆ, ಅಲ್ಲಲ್ಲಿ ಉಳಿದಿರುವ ಹಳೆಯ ಕಡತಗಳ ಒಡೆತನವೂ ಯಾರ ಆದೇಶವಿಲ್ಲದೆ ಅವರ ಪಾಲಿಗೆ ಬರುತ್ತದೆ.

ಖಾತೆಗೆ ಬೀಗ

ಖಾತೆಯನ್ನು ಉಳಿಸಿಕೊಂಡು ಪ್ರವೇಶವನ್ನು ತಡೆಯುವುದಕ್ಕೆ ದೊಡ್ಡ ಎಲ್ ಆಯ್ಕೆ ಇದೆ. ಇದು ಶ್ಯಾಡೋ ಕಡತದಲ್ಲಿ ಗೂಢಲಿಪಿಯ ಗುಪ್ತಪದದ ಮುಂದೆ ಒಂದು ಉದ್ಗಾರ ಚಿಹ್ನೆಯನ್ನು ಸೇರಿಸುತ್ತದೆ. ಆ ಬಳಿಕ ಯಾವ ಗುಪ್ತಪದವೂ ಅದಕ್ಕೆ ಹೊಂದುವುದಿಲ್ಲ. ದೊಡ್ಡ ಯು ಆಯ್ಕೆಯಿಂದ ಚಿಹ್ನೆಯನ್ನು ತೆಗೆದರೆ ಹಳೆಯ ಗುಪ್ತಪದವೇ ಮತ್ತೆ ಚಾಲ್ತಿಗೆ ಬರುತ್ತದೆ. ಉಪಾಯ ಸರಳವಾಗಿದೆ, ಆದರೆ ಅನೇಕರು ತಿಳಿದಿರುವಂತೆ ಇದು ಖಾತೆಯ ಬೀಗವಲ್ಲ, ಗುಪ್ತಪದದ ಬೀಗ.

ದೂರದ ಗಣಕಗಳಿಗೆ ಪ್ರವೇಶಿಸಲು ಇಂದು ಸರ್ವೇಸಾಮಾನ್ಯವಾಗಿ ಬಳಸುವ ಎಸ್‌ಎಸ್‌ಎಚ್ ಪದ್ಧತಿಯಲ್ಲಿ ಗುಪ್ತಪದವಿಲ್ಲದೆಯೂ ಒಳಬರಬಹುದು. ಬಳಕೆದಾರರ ಬಳಿ ಒಂದು ಖಾಸಗಿ ಕೀಲಿ ಇರುತ್ತದೆ. ಅದರ ಜೋಡಿಯಾದ ಸಾರ್ವಜನಿಕ ಕೀಲಿಯನ್ನು ಹೋಮ್ ಡೈರೆಕ್ಟರಿಯಲ್ಲಿ ಇಡಲಾಗಿರುತ್ತದೆ. ಎರಡೂ ಹೊಂದಿದರೆ ಗುಪ್ತಪದದ ಪ್ರಶ್ನೆಯೇ ಬರುವುದಿಲ್ಲ. ದೊಡ್ಡ ಎಲ್‌ನಿಂದ ಬೀಗ ಹಾಕಿ ನಿಶ್ಚಿಂತರಾದ ನಿರ್ವಾಹಕರು ಮುಂಬಾಗಿಲನ್ನು ಭದ್ರಪಡಿಸಿ ಹಿತ್ತಲ ಬಾಗಿಲನ್ನು ತೆರೆದಿಟ್ಟಂತಾಗಬಹುದು. ಯೂಸರ್‌ಮಾಡ್‌ನ ಕೈಪಿಡಿಯೇ ಈ ಬಗ್ಗೆ ಎಚ್ಚರಿಸುತ್ತದೆ: ಇಡೀ ಖಾತೆಯನ್ನು ಮುಚ್ಚಬೇಕಾದರೆ ಸಣ್ಣ ಇ ಆಯ್ಕೆಯ ಮೂಲಕ ಮುಕ್ತಾಯದ ದಿನವನ್ನು 1 ಎಂದು ನಮೂದಿಸಬೇಕು. ಶ್ಯಾಡೋ ಕಡತವು ದಿನಗಳನ್ನು 1970ರ ಜನವರಿ 1ರಿಂದ ಎಣಿಸುವುದರಿಂದ, 1 ಎಂದರೆ 1970ರ ಜನವರಿ 2. ಅವಧಿ ಎಂದೋ ಮುಗಿದ ಖಾತೆಯೆಂದು ಗಣಕವು ಭಾವಿಸಿ, ಪ್ರವೇಶವನ್ನು ನಿರಾಕರಿಸುತ್ತದೆ. ತಾತ್ಕಾಲಿಕ ನೌಕರರಿಗೆ ಖಾತೆಯನ್ನು ತೆರೆಯುವಾಗಲೇ ಕರಾರಿನ ಕೊನೆಯ ದಿನವನ್ನು ಇದೇ ಆಯ್ಕೆಯಿಂದ ನಮೂದಿಸುವುದು ಉತ್ತಮ ಪದ್ಧತಿ. ಆಮೇಲೆ ಮರೆತುಹೋಗುವ ಪ್ರಮೇಯವೇ ಬರುವುದಿಲ್ಲ. ನಮೂದಿಸಿದ ದಿನವನ್ನು ನೋಡಲು 'ಚೇಜ್' ಆದೇಶಕ್ಕೆ ಸಣ್ಣ ಎಲ್ ಮತ್ತು ಖಾತೆಯ ಹೆಸರನ್ನು ಸೇರಿಸಬೇಕು.

ಬೀಗ ಹಾಕುವಾಗ ಆ ಬಳಕೆದಾರರು ಗಣಕದ ಒಳಗೇ ಇದ್ದರೆ ಅವರನ್ನು ಈ ಆದೇಶಗಳು ಹೊರಹಾಕುವುದಿಲ್ಲ. ಅವರ ಕ್ರಮವಿಧಿಗಳು ಚಾಲನೆಯಲ್ಲಿರುತ್ತವೆ. ಅವುಗಳನ್ನು ಬೇರೆಯಾಗಿಯೇ ನಿಲ್ಲಿಸಬೇಕು. ನಿಗದಿತ ವೇಳೆಗೆ ತಾವಾಗಿ ನಡೆಯುವಂತೆ 'ಕ್ರಾನ್' ಪಟ್ಟಿಯಲ್ಲಿ ಅವರು ಬರೆದಿಟ್ಟ ಕೆಲಸಗಳನ್ನೂ ಪರಿಶೀಲಿಸಬೇಕು. ಈ ಪರಿಶೀಲನೆ ಭದ್ರತೆಗಷ್ಟೇ ಸಂಬಂಧಿಸಿದುದಲ್ಲ. ಪ್ರತಿ ರಾತ್ರಿ ಕಚೇರಿಯ ದಾಖಲೆಗಳ ನಕಲನ್ನು ತೆಗೆದಿಡುವ ಕೆಲಸವು ವರ್ಗವಾಗಿ ಹೋದವರ ಖಾತೆಯಿಂದಲೇ ನಡೆಯುತ್ತಿದ್ದ ಪಕ್ಷದಲ್ಲಿ, ಖಾತೆ ಮುಚ್ಚಿದ ದಿನದಿಂದ ಅದೂ ನಿಂತುಹೋಗಬಹುದು. ನಕಲು ಬೇಕಾಗುವ ದಿನದವರೆಗೆ ಅದು ಯಾರ ಗಮನಕ್ಕೂ ಬಾರದಿರಬಹುದು. ಆದಕಾರಣ ಬೀಗ ಹಾಕುವ ಮುನ್ನ 'ಕ್ರಾನ್‌ಟ್ಯಾಬ್' ಆದೇಶಕ್ಕೆ ಸಣ್ಣ ಯು, ಖಾತೆಯ ಹೆಸರು ಮತ್ತು ಸಣ್ಣ ಎಲ್ ಸೇರಿಸಿ ಆ ಪಟ್ಟಿಯನ್ನು ಓದಿ, ಕಚೇರಿಗೆ ಅಗತ್ಯವಾದ ಕೆಲಸಗಳನ್ನು ಬೇರೊಂದು ಖಾತೆಗೆ ವರ್ಗಾಯಿಸತಕ್ಕದ್ದು.

ಇಲ್ಲಿ ಹೇಳಿದ ಆಯ್ಕೆಗಳು ಲಿನಕ್ಸ್‌ನವು. ಫ್ರೀಬಿಎಸ್‌ಡಿ ವ್ಯವಸ್ಥೆಯಲ್ಲಿ ಇದೇ ಕೆಲಸವನ್ನು 'ಪಿಡಬ್ಲ್ಯೂ' ಎಂಬ ಆದೇಶವೂ, ಆಪಲ್ ಸಂಸ್ಥೆಯ ಮ್ಯಾಕ್ ಗಣಕಗಳಲ್ಲಿ 'ಡಿಎಸ್‌ಸಿಎಲ್' ಎಂಬ ಆದೇಶವೂ ನಿರ್ವಹಿಸುತ್ತವೆ. ಅಕ್ಷರಗಳ ಅರ್ಥವು ಅಲ್ಲಿ ಬೇರೆಯಾಗಿರುವ ಸಂಭವವಿರುವುದರಿಂದ, 'ಮ್ಯಾನ್' ಎಂಬ ಆದೇಶದ ಮುಂದೆ ಬೇಕಾದ ಆದೇಶದ ಹೆಸರನ್ನು ಬರೆದು, ಆಯಾ ಗಣಕದಲ್ಲಿಯೇ ಇರುವ ಕೈಪಿಡಿಯನ್ನು ಮೊದಲು ಓದಿಕೊಳ್ಳಬೇಕು.